ಉಳ್ಳಾಗಡ್ಡಿ ಮಡಿಯಲ್ಲಿ ಬಿದ್ದ ಗೆರೆ

ಎಪ್ಪತ್ತಾರರ ಚಳಿಗಾಲ. ಅಂಬಿಗರ ಯಲಗೂರಪ್ಪ ದುಂಡನೆಯ ತೊಗಲ ದೋಣಿ ಹರಗೋಲನ್ನು ತಲೆಯ ಮೇಲೆ ಬೋರಲು ಹೊತ್ತು ಬದುವಿನ ಮೇಲೆ ಬರುತ್ತಿದ್ದಾಗ ಕಾಲಿಗೆ ಜಾಲಿಮುಳ್ಳು ಚುಚ್ಚಿತು. ಹೊರೆ ಇಳಿಸಿ ನೋಡಿದರೆ ಹೊಳೆಗೆ ಹೋಗುವ ದಾರಿಗೆ ಅಡ್ಡಲಾಗಿ ಎದೆಮಟ್ಟ ಮುಳ್ಳು ಒಟ್ಟಿತ್ತು. ಅದರಾಚೆ ಹೊಲದ ಒಡೆಯ ಶಿವಯೋಗೆಪ್ಪ ಗೌಡ ಕೊಡಲಿ ಹಿಡಿದು ನಿಂತಿದ್ದ.

ಅಂದು ಬಬಲೇಶ್ವರದ ಸಂತೆ. ಕೃಷ್ಣೆಯ ಆಚೆ ದಂಡೆಯಲ್ಲಿ ಬದನೆಕಾಯಿ ಮಾರುವ ಬೋರವ್ವ ಮತ್ತು ಅವಳ ಜೊತೆಯವರು ಬುಟ್ಟಿ ಇಟ್ಟುಕೊಂಡು, ಹೊಳೆ ದಾಟಿಸೆಂದು ಆಗಲೇ ಕೂಗುತ್ತಿದ್ದರು.

"ಇವತ್ತಿನಿಂದ ದಾರಿ ಬಂದ್!" ಗೌಡನ ದನಿ ಹೊಳೆ ದಾಟುವಷ್ಟು ದೊಡ್ಡದಿತ್ತು. "ನಿನ್ನೆ ಸಂಜೀಕ ಹರಗೋಲ ಉರುಳಿಸಿಕೋತ ಹೋಗಿ ನನ್ನ ಉಳ್ಳಾಗಡ್ಡಿ ಹಾಳ ಮಾಡೀಯಲ್ಲಲೇ! ಮೊನ್ನೆರೆ ಅಗಿ ಹಚ್ಚೇನಿ, ಎಳೀ ಸಸಿ."

ಯಲಗೂರಪ್ಪನ ಮೈಯೆಲ್ಲ ಉರಿಯಿತು. "ಉರುಳಿಸೂದಾ? ಇದು ಎಮ್ಮಿ ತೊಗಲರಿ ಗೌಡ್ರ, ಮೋಟಾರ ಗಾಲಿ ಅಲ್ಲ. ಒಂದು ಕಲ್ಲು ಬಡದ್ರ ಹರೀತೈತಿ. ನಾಯಿ ಕಡದಾವಂತ ದಿನಾ ಮನಿಗೆ ಹೊರತೇನಿ. ನಮ್ಮಪ್ಪನ ಕಾಲದಿಂದ ಬದಾ ಬಿಟ್ಟು ಕೆಳಗ ಕಾಲಿಟ್ಟಿಲ್ಲ."

"ಇಲ್ಲಿ ಹರಗೋಲ ಇರೂದು ನಿಂದೊಂದ. ಮತ್ತ್ಯಾರ ಬಂದಿದ್ರು, ನನ್ನ ಮಾವೇನು?"

ಯಲಗೂರಪ್ಪ ಹರಗೋಲು ಅಲ್ಲೇ ಬಿಟ್ಟು, ಮುಳ್ಳಿನ ಸಂದಿಯಲ್ಲಿ ನುಸುಳಿ ಮಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತ. ಹರಗೋಲು ಉರುಳಿದ್ದರೆ ಬೆರಳಗಲದ ಗೆರೆ ಬೀಳಬೇಕಿತ್ತು. ಇಲ್ಲಿ ಏನನ್ನೋ ಎಳೆದೊಯ್ದಂತೆ ಮೊಳದಗಲ ಸವರಿಕೊಂಡು ಹೋಗಿತ್ತು. ಎರಡೂ ಬದಿಗೆ ಬೂಟಿನ ಗುರುತು.

"ಗೌಡ್ರ, ಈ ಕಾಲಿಗೆ ಬೂಟ ಹಾಕಿದ್ದು ಯಾವಾಗ ನೋಡೀರಿ?"

ಗೌಡ ಗುರುತು ನೋಡಿದ, ಯಲಗೂರಪ್ಪನ ಬಿರುಕು ಬಿಟ್ಟ ಪಾದ ನೋಡಿದ. ಗೆರೆ ಹಿಡಿದು ಹೊರಟ ಅವನ ಹಿಂದೆ ತಾನೂ ನಡೆದ.

ಗೆರೆ ಹೊಳೆಯ ಉಸುಕಿಗೆ ಇಳಿದಿತ್ತು. ಅಲ್ಲಿ ದಂಡೆಯ ಮರೆಗೆ ಉದ್ದನೆಯ ಕಿರಿದಾದ ಕಟ್ಟಿಗೆಯ ದೋಣಿ ಇತ್ತು; ಅದರ ಪಕ್ಕ ನಾಲ್ಕು ಹುಡುಗರು ಚಹಾ ಕಾಸುತ್ತಿದ್ದರು. ದೋಣಿ ನಡೆಸುವುದನ್ನು ರೂಢಿ ಮಾಡಿಕೊಳ್ಳಲು ವಿಜಾಪುರದಿಂದ ನಿನ್ನೆ ಸಂಜೆ ಜೀಪಿನಲ್ಲಿ ಬಂದವರು.

"ನದಿ ಸರ್ಕಾರದ್ದು, ಅಜ್ಜಾ. ನಮಗ ಪರವಾನಿಗಿ ಐತಿ," ಎಂದು ಅವರಲ್ಲಿ ಕನ್ನಡಕದವನು ಕಿಸೆಯಿಂದ ಕಾಗದ ತೆಗೆದ.

"ಹೊಳಿ ಸರ್ಕಾರದ್ದು, ಖರೆ. ಉಳ್ಳಾಗಡ್ಡಿನೂ ಸರ್ಕಾರ ಹಚ್ಚೈತೇನು? ಇಷ್ಟು ಸಾಲಿ ಕಲ್ತೀರಿ, ಬದಾ ಕಾಣಲಿಲ್ಲ? ಕೇಳಾಕ ಬಾಯಿ ಇದ್ದಿಲ್ಲ?" ಎಂದ ಯಲಗೂರಪ್ಪ.

"ದೋಣಿ ಭಾಳ ಭಾರ ಐತ್ರಿ..."

"ನಾಕ ಮಂದಿಗೆ ಭಾರ ಆತು! ನನಗ ಅರವತ್ತಾಗ್ಯಾವ, ಒಬ್ಬನ ಹೊರತೇನಿ. ನೀವು ಜೀಪ ಹತ್ತಿ ಹೋಗ್ತೀರಿ, ಇಲ್ಲಿ ದಾರಿ ಮುಚ್ಚಿದ್ದು ನನಗ. ಇವತ್ತ ಇವರು ಬೇಲಿ ಹಾಕ್ಯಾರ, ನಾಳೆ ದಂಡಿ ಮ್ಯಾಗಿನವ್ರೆಲ್ಲ ಹಾಕ್ತಾರ. ನಾ ಹೊಳಿಗೆ ಹಾರಿ ಬರ್ಲೇನು?"

ಕಾಗದ ಮೆಲ್ಲಗೆ ಕಿಸೆಗೆ ಹೋಯಿತು.

ಯಲಗೂರಪ್ಪ ಮಡಿಗೆ ಮರಳಿ ಒಂದು ಅಗಿ ಎತ್ತಿ ನೋಡಿದ. ರಾತ್ರಿಯ ಇಬ್ಬನಿಗೆ ಬೇರು ಇನ್ನೂ ಹಸಿಯಾಗಿತ್ತು. "ಬರ್ರಿ ಇಲ್ಲೆ. ಬೂಟ ಕಳೀರಿ. ಒಂದೊಂದ ಹಚ್ಚಿ ನೀರ ಹನಸ್ರಿ, ಬದುಕತಾವ."

ನಾಲ್ವರೂ ಕೆಸರಿನಲ್ಲಿ ಕೂತರು. ಗೌಡ ಅವರ ಬೆನ್ನ ಹಿಂದೆ ನಿಂತು ಬೈಯುತ್ತಿದ್ದ. "ಲೇ ಕನ್ನಡಕ, ಬೇರು ಕೆಳಗ ಹೋಗಬೇಕೋ, ಮ್ಯಾಲಲ್ಲ!"

ಕೊನೆಗೆ ಗೌಡ ಕೊಡಲಿಯಿಂದ ಮುಳ್ಳನ್ನು ಪಕ್ಕಕ್ಕೆ ಎಳೆದು, ಯಲಗೂರಪ್ಪನ ಮುಖ ನೋಡದೆ, "ಹೋಗಿನ್ನ," ಎಂದ.

ಯಲಗೂರಪ್ಪ ಕದಲಲಿಲ್ಲ. "ಬೈದದ್ದು ಆಚಿ ದಂಡಿತನಾ ಕೇಳೇತಿ. ಇದು ನನ್ನ ಕಿವಿಗಷ್ಟ ಕೇಳಿದ್ರ ಹೆಂಗರಿ? ಮಂದಿ ಬಾಯಾಗ ನಾನ ತುಳದಾಂವ ಆಗಿ ಉಳೀತೇನಿ."

"ಆತೇಳು, ನೀ ಅಲ್ಲ."

"ಇನ್ನೂ ಜೋರ."

ಗೌಡನ ಮುಖ ಕೆಂಪಾಯಿತು. ಹುಡುಗರು ಕೈ ನಿಲ್ಲಿಸಿ ನೋಡಿದರು. ಅವನು ಹೊಳೆಗೆ ಮುಖ ಮಾಡಿ, ಬಾಯಿಗೆ ಕೈ ಹಚ್ಚಿ ಕೂಗಿದ: "ಯಲಗೂರಪ್ಪ ತುಳದಿಲ್ಲ! ವಿಜಾಪುರದವ್ರು ತುಳದಾರ! ತಪ್ಪು ನಂದು, ದಾರಿ ತೆರದೈತಿ!"

ಆಚೆಯಿಂದ ಬೋರವ್ವನ ದನಿ ಬಂತು: "ತಪ್ಪು ಆಮ್ಯಾಲ ಹೇಳೀರಂತ, ಮದಲ ಹರಗೋಲ ಕಳಸ್ರೀ! ಸಂತಿ ಮುಗ್ಯಾಕ ಬಂತು!"

ಯಲಗೂರಪ್ಪ ನಗಲಿಲ್ಲ. ದಾರಿಯ ಅಗಲವನ್ನು ಕಣ್ಣಲ್ಲೇ ಅಳೆದು, "ಇನ್ನೆರಡ ಟೊಂಗಿ ತೆಗೀರಿ, ತೊಗಲಿಗೆ ತಾಕತಾವ," ಎಂದ. ಗೌಡ ಬಗ್ಗಿ ಎರಡನ್ನೂ ತೆಗೆದ.