ಕಡಲ ಕಲ್ಲಿಗೆ ಹಚ್ಚಿದ ವಿಭೂತಿ

ಪೂಜಿತಾ ಸಂಶೋಧನಾ ಹಡಗಿನಿಂದ ಇಳಿದು, ಗೋವಾದ ತನ್ನ ಲ್ಯಾಬಿಗೆ ಹೋಗುವ ದಾರಿಯಲ್ಲಿ ಒಂದು ದಿನ ಹೊಸಪೇಟೆಯಲ್ಲಿ ಇಳಿಯುತ್ತಾಳೆಂಬ ಸುದ್ದಿ ಬಂದಾಗಿನಿಂದ ಗಂಗಾಂಬಿಕಾಳ ಸಾರಿಗೆ ಉಪ್ಪು ಹೆಚ್ಚಾಗತೊಡಗಿತ್ತು.

ಅತ್ತಿಗೆ-ನಾದಿನಿ ಅನ್ನುವುದು ಆಮೇಲಿನ ಸಂಬಂಧ. ಮೊದಲು ಇಬ್ಬರೂ ಎಂ.ಎಸ್ಸಿ. ಕೆಮಿಸ್ಟ್ರಿಯಲ್ಲಿ ಒಂದೇ ಬೆಂಚಿನವರು. ಮಾರ್ಕ್ಸಿನಲ್ಲಿ ಗಂಗಾ ಮುಂದೆ, ಪೂಜಿತಾ ಹಿಂದೆ. ಓದು ಮುಗಿದದ್ದೇ ಪೂಜಿತಾ ಸಂಶೋಧನೆಗೆ ಹೋದಳು. ಗಂಗಾ ಪೂಜಿತಾಳ ಅಣ್ಣ ಈಶ್ವರನ ಕೈಹಿಡಿದು ಈ ಮನೆಗೆ ಬಂದಳು. ಈಗ ಅದಿರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ. ಸಂಡೂರಿನ ಗಣಿಗಳಿಂದ ಚೀಲ ಬರುತ್ತವೆ, ಕಬ್ಬಿಣ ಎಷ್ಟು ಪರ್ಸೆಂಟ್ ಎಂದು ಹೇಳಬೇಕು. ಮತ್ತೆ ಚೀಲ, ಮತ್ತೆ ಪರ್ಸೆಂಟ್. ಚೀನಾಕ್ಕೆ ಕಳಿಸುವವರಿಗೆ ಸದಾ ಅವಸರ. ಸಂಜೆ ತಲೆಗೆ ನೀರು ಹಾಕಿಕೊಂಡರೆ ಬಚ್ಚಲೆಲ್ಲ ಕೆಂಪು.

ಅವತ್ತು ಶ್ರಾವಣ ಸೋಮವಾರ, ಗಂಗಾ ರಜೆ ಹಾಕಿದ್ದಳು. ಬೆಳಿಗ್ಗೆ ರೈಲಿಳಿದು ಬಂದ ಮಗಳನ್ನು ಗಂಗಾಳ ಅತ್ತೆ ಮರುಳಸಿದ್ದಮ್ಮ ಮಾತಿಗೆ ಕೂರಿಸಿಕೊಂಡೇ ಬಿಟ್ಟರು.

“ಸಮುದ್ರದ ತಳದಾಗ ಬರ್ಫ ಐತಂತಲ್ಲಬೇ, ಕಡ್ಡಿ ಗೀರಿದ್ರ ಉರಿತೈತಂತ?”

“ಹೌದವ್ವ. ಒಳಗ ಗ್ಯಾಸ್ ಸಿಕ್ಕೊಂಡಿರ್ತೈತಿ.”

“ಹಂಗಿದ್ರ ಒಂದು ಸಿಲಿಂಡರ್ ತುಂಬಸ್ಕೊಂಡು ಬರಬಾರದಿತ್ತೇನು? ಬುಕ್ ಮಾಡಿ ಮಾಡಿ ಸಾಕಾಗೈತಿ ನಮಗ!”

ಪೂಜಿತಾ ನಗುತ್ತಾ ಚೀಲದಿಂದ ಬೆಳ್ಳಿ ಹಾಳೆಯಲ್ಲಿ ಸುತ್ತಿದ ಗಂಟೊಂದನ್ನು ತೆಗೆದು ಬಿಚ್ಚಿದಳು. ನಿಂಬೆಹಣ್ಣಿಗಿಂತ ದೊಡ್ಡದು, ಬೂದುಬಣ್ಣದ ಗುಂಡನೆಯ ಕಲ್ಲು.

“ಗಂಗಾ, ನೋಡಿಲ್ಲಿ. ಗ್ಯಾಸ್ ಮ್ಯಾಲೆ ಬರುವಾಗ ಕೆಸರಿನಾಗಿನ ಸೂಕ್ಷ್ಮಜೀವಿ ಅದನ್ನ ತಿಂತಾವು. ಅದರ ಕಾರ್ಬನ್ ಸುಣ್ಣಗಲ್ಲಾಗಿ ಹಿಂಗ ಕೂತೈತಿ. ಗ್ಯಾಸಿನ ಕಾರ್ಬನ್ ಹಗುರ. ಐಸೊಟೋಪ್ ಅಳದ್ರ, ಅಂದ್ರ ಹಗುರ ಕಾರ್ಬನ್ ಎಷ್ಟು, ಭಾರದ್ದೆಷ್ಟು ಅಂತ ನೋಡಿದ್ರ, ಭಾಳ ಮೈನಸ್ ನಂಬರ್ ಬರಬೇಕು. ನಡುವಿಂದು ಹಳೇದು, ಹೊರಪದರ ಹೊಸದು. ಗ್ಯಾಸ್ ಇತ್ತೀಚಿಗೂ ಬಂದೈತೋ ಇಲ್ಲೋ, ಆ ಹೊರಪದರನ ಹೇಳಬೇಕು. ನನ್ನ ಪಾಲಿಗೆ ಇದೊಂದ ಸಿಕ್ಕಿದ್ದು.”

“ಚಲೋ ಆತು ಬಿಡು,” ಎಂದಳು ಗಂಗಾ. ಮಾತು ಒಣಗಿತ್ತು.

ಪೂಜಿತಾ ಕಲ್ಲನ್ನು ಸುತ್ತಿ ಗೂಡಿನಲ್ಲಿಟ್ಟು, ಸ್ನಾನ ಮಾಡಿ, ಮಲಗಿಬಿಟ್ಟಳು. ಸ್ವಲ್ಪ ಹೊತ್ತಿಗೆ ಗಂಗಾ ಅಡಿಗೆಮನೆಯಿಂದ ಇಣುಕಿದರೆ, ಕಲ್ಲು ದೇವರ ಜಗಲಿಯ ಮೇಲಿದೆ! ಅತ್ತೆ ಹಾಲೆರೆಯುತ್ತಿದ್ದಾರೆ.

“ಯಾರೂ ಕೆತ್ತಿಲ್ಲ ನೋಡವ್ವ. ನೀರಿನ ತಳದಾಗ ತಾನ ಹುಟ್ಟಿದ ಲಿಂಗ. ಗಂಗಾ, ವಿಭೂತಿ ಗಟ್ಟಿ ತಾ ಇಲ್ಲಿ.”

ಗಂಗಾ ನಿಂತಲ್ಲೇ ನಿಂತಳು. ಅದೇ ಗಟ್ಟಿಯ ಚೂರಿಗೆ ಹಿಂದೊಮ್ಮೆ ಲ್ಯಾಬಿನಲ್ಲಿ ಸುಮ್ಮನೆ ಆಸಿಡ್ ಹಾಕಿ ನೋಡಿದ್ದಳು. ಬುಸುಬುಸು ನೊರೆ ಬಂದಿತ್ತು. ಬೂದಿಗಿಂತ ಸುಣ್ಣವೇ ಹೆಚ್ಚು. ಆ ಸುಣ್ಣದ ಕಾರ್ಬನ್ ಈ ಕಲ್ಲಿಗೆ ಹತ್ತಿದರೆ ಹೊರಪದರದ ಲೆಕ್ಕವೆಲ್ಲ ಸುಳ್ಳು. ‘ಅತ್ತಿ, ಮುಟ್ಟಬ್ಯಾಡ್ರಿ’ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು.

“ನನ್ನ ಮಗಳು ಎಂಥಾದ್ದು ತಂದಾಳ ನೋಡು,” ಎಂದರು ಅತ್ತೆ. “ನೀ ದಿನಾ ಸೀರಿ ತುಂಬ ಧೂಳು ತರ್ತಿ.”

ಗಂಗಾ ಗಟ್ಟಿ ತಂದು ಕೊಟ್ಟಳು. ಅತ್ತೆ ಒದ್ದೆ ಬೆರಳಲ್ಲಿ ತೇಯ್ದು, ಮೂರು ಬೆರಳಲ್ಲಿ ಬಳಿದು, ಸಮಾಧಾನವಾಗದೆ ಮೈತುಂಬ ಹಚ್ಚಿದರು.

ಪೂಜಿತಾ ಎದ್ದು ಬಂದವಳು ಜಗಲಿ ನೋಡಿ ಓಡಿ ಹೋಗಿ ಕಲ್ಲನ್ನೆತ್ತಿಕೊಂಡಳು.

“ಅವ್ವಾ, ಏನು ಹಚ್ಚೀಬೇ?”

“ವಿಭೂತಿ. ಗಂಗಾನ ತಂದು ಕೊಟ್ಲು.”

ಪೂಜಿತಾ ತಿರುಗಿ ನೋಡಿದಳು. “ನಿನಗ ಗೊತ್ತಿತ್ತು.”

“ಅತ್ತಿ ಕೇಳಿದ್ರು, ಕೊಟ್ಟೆ.”

“ಅದಲ್ಲ ನಾ ಕೇಳಿದ್ದು. ಗೊತ್ತಿತ್ತೋ ಇಲ್ಲೋ?”

“ಗೊತ್ತಿತ್ತು.”

ಪೂಜಿತಾ ಕೂಗಾಡಲಿಲ್ಲ. ಕೂಗಾಡಿದ್ದರೆ ಗಂಗಾಳಿಗೂ ತಿರುಗಿ ಆಡಲು ನಾಲ್ಕು ಮಾತು ಸಿಗುತ್ತಿದ್ದವು. ಈಶ್ವರನ ಡಬ್ಬಿಯಿಂದ ಗರಗಸದ ಹೊಸ ಅಲಗು ಹುಡುಕಿ ತಂದಳು. “ವಿಭೂತಿ ನೀರಿನ ಸಂಗಡ ಒಳಗ ಇಳಿಯೂಕಿಂತ ಮೊದಲ ಸುತ್ತ ಕೊಯ್ದು ತೆಗಿಬೇಕು. ಹಿಡಿ.”

ಹಿತ್ತಲಿನ ಕಲ್ಲುಕಟ್ಟೆಯ ಮೇಲೆ ಒಬ್ಬಳು ಹಿಡಿದಳು, ಇನ್ನೊಬ್ಬಳು ಕೊಯ್ದಳು. ಮೊದಲ ಹೋಳು ಬಿದ್ದಾಗ ಒಳಗೆ ಉಂಗುರದೊಳಗೆ ಉಂಗುರ, ನಡುನಡುವೆ ಸಾಸಿವೆಗಿಂತ ಸಣ್ಣ ಚಿನ್ನದ ಬಣ್ಣದ ಹರಳು.

“ಪೈರೈಟ್!” ಗಂಗಾ ಎಲ್ಲ ಮರೆತು ಕೂಗಿದಳು.

“ಹ್ಞೂಂ. ಕಬ್ಬಿಣ, ಗಂಧಕ. ನಿನ್ನ ಕಬ್ಬಿಣ ಅಲ್ಲೂ ಐತಿ.”

ಆ ಹರಳನ್ನು ತಾನು ಮೊದಲು ನೋಡಬೇಕಿತ್ತು, ಹಡಗಿನ ಮೇಲೆ ನಿಂತು, ಕೈಗೆ ಕೆಸರು ಮೆತ್ತಿಕೊಂಡು. ಹೀಗನ್ನಿಸಿತು ಗಂಗಾಳಿಗೆ. ನಡುವಿನ ಚೂರನ್ನು ಪೂಜಿತಾ ಹೊಸ ಹಾಳೆಯಲ್ಲಿ ಸುತ್ತುವಾಗ ಗಂಗಾ ತಡೆಯಲಾಗದೆ ಕೇಳಿದಳು:

“ಒಳಗಿನ ನಂಬರ್ ಬಂದ ಮ್ಯಾಲೆ ನನಗೊಂದು ಫೋನ್ ಮಾಡ್ತೀಯೇನು?”

“ಹೊರಪದರದ ನಂಬರ್ ನೀ ಹೇಳ್ತೀಯೇನು ನನಗ?”

ಗಂಗಾ ಕಟ್ಟೆಯ ಮೇಲೆ ಬಿದ್ದ ಕಲ್ಲಿನ ಪುಡಿಯನ್ನು ಸೆರಗಿನಿಂದ ಒರೆಸತೊಡಗಿದಳು.

ಕೊಯ್ದ ಹೋಳುಗಳನ್ನು ಮರುಳಸಿದ್ದಮ್ಮ ಬೈಯುತ್ತಲೇ ಆರಿಸಿಕೊಂಡರು. “ಒಬ್ಬಾಕಿ ದೇವರನ್ನ ಕೊಯ್ದ್ಲು, ಇನ್ನೊಬ್ಬಾಕಿ ಹಿಡಕೊಂಡ್ಲು. ಇಬ್ಬರೂ ತಪ್ಪುಕಾಣಿಕಿ ಹಾಕ್ರಿ.” ಪೂಜಿತಾ ಹಾಕಿ, ಅವ್ವನ ಕಾಲಿಗೆ ಬಿದ್ದು, ಅತ್ತಿಗೆಗೆ ಹೇಳದೆ ಹೊರಟುಹೋದಳು.

ಮರುದಿನ ಲ್ಯಾಬಿಗೆ ಹೊರಟ ಗಂಗಾಳನ್ನು ಅತ್ತೆ ತಡೆದರು. “ಕೈ ಮುಗಿದು ಹೋಗು. ಏನರ ಬೇಡ್ಕೊ.”

ಹೋಳುಗಳು ದೇವರ ಜಗಲಿಯ ಮೇಲೆ ಬೆಳ್ಳಗೆ ಸಾಲಾಗಿ ಕೂತಿದ್ದವು. ಗಂಗಾ ಕೈ ಮುಗಿದಳು. ಒಳಗಿನ ನಂಬರ್ ಸರಿ ಬರಲಿ ಎನ್ನಲು ಮನಸ್ಸು ಒಪ್ಪಲಿಲ್ಲ. ತಪ್ಪಾಗಲಿ ಎನ್ನಲೂ ಆಗಲಿಲ್ಲ.

“ಆತೇನು?”

“ಇನ್ನೂ ಇಲ್ರಿ ಅತ್ತಿ,” ಎಂದಳು, ಕಣ್ಣು ಮುಚ್ಚಿಕೊಂಡೇ.