ಎರಡೂ ಎಡರೆಕ್ಕೆ

ರೆಕ್ಕೆಗಳೆರಡನ್ನೂ ಆಟಿಕೆ ವಿಮಾನದ ಒಡಲಿಗೆ ಹಿಡಿದು ನೋಡಿದ ಮೇಲೆ ಯಮುನಳಿಗೆ ವಿಷಯ ತಿಳಿಯಿತು. ಒಂದು ಸರಿಯಾಗಿ ಕುಳಿತಿತು. ಇನ್ನೊಂದನ್ನು ಹೇಗೆ ತಿರುಗಿಸಿದರೂ ಒಂದೋ ಮುಂದಿನ ದಪ್ಪ ಅಂಚು ಹಿಂದಕ್ಕೆ ಹೋಗುತ್ತಿತ್ತು, ಇಲ್ಲವೇ ಬೆನ್ನು ಕೆಳಗಾಗುತ್ತಿತ್ತು. ಒಂದೇ ಕಾಲಿನ ಎರಡು ಚಪ್ಪಲಿಗಳ ಹಾಗೆ ಎರಡೂ ಎಡರೆಕ್ಕೆಗಳೇ. ಅವನ್ನು ಮೇಜಿನ ಮೇಲಿಟ್ಟಳು. ಬೇಸರವೂ ಆಗಲಿಲ್ಲ. ವರ್ಷವಾಗುತ್ತ ಬಂದಿತ್ತು, ದುಃಖವಾಗಲಿ ನಗುವಾಗಲಿ ಬಾಗಿಲ ತನಕ ಬಂದು, ಒಳಗೆ ಕಾಲಿಡದೆ ಹಿಂತಿರುಗುತ್ತಿತ್ತು.

ಗಂಡ ತೀರ್ಥಪ್ರಸಾದರು ಮಾದಾಪುರದ ಹತ್ತಿರದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ನಿವೃತ್ತರಾದ ಮೇಲೆ ಅಂಚೆಯಲ್ಲಿ ಈ ಪೆಟ್ಟಿಗೆ ತರಿಸಿಕೊಂಡರು. ಅದರೊಳಗೆ ಬಾಲ್ಸಾ ಎಂಬ ಮರದ ತೆಳು ಹಾಳೆಗಳು, ಕಡ್ಡಿಗಳು, ಒಂದು ನಕ್ಷೆ. ಎಲ್ಲವನ್ನೂ ಅಂಟಿಸಿದರೆ ರಬ್ಬರು ತಿರುಚಿ ಹಾರಿಸುವ ಪುಟ್ಟ ವಿಮಾನ. ಉಗುರು ತಾಗಿದರೆ ಗುಳಿ ಬೀಳುವ ಮರ. ಬೀಟೆ, ಹಲಸು ನೋಡಿ ಬೆಳೆದ ಅವರು ಒಂದು ತುಂಡನ್ನು ಅಂಗೈಯಲ್ಲಿಟ್ಟುಕೊಂಡು, “ಇದೂ ಒಂದು ಮರವಾ ಯಮುನಾ, ಉಸಿರು ಬಿಟ್ಟರೆ ಎದ್ದು ಹೋಗ್ತದೆ” ಎಂದು ನಕ್ಕಿದ್ದರು. ಕಳೆದ ಜನವರಿಯ ಒಂದು ಬೆಳಿಗ್ಗೆ ಈ ಮೇಜಿನಿಂದ ಎದ್ದು ಕಣದಲ್ಲಿ ಕಾಫಿ ಹರಡಲು ಹೋದವರು ಅಲ್ಲಿಯೇ ಕುಸಿದರು.

ತೀರಿಕೊಂಡವರ ಕೈಯಲ್ಲಿ ಅರ್ಧ ಉಳಿದ ಕೆಲಸವನ್ನು ವರ್ಷದ ಕ್ರಿಯೆಗೆ ಮುಂಚೆ ಮುಗಿಸಬೇಕೆಂಬುದು ಆ ಮನೆಯ ನಡೆ. ಅಂದು ಅವರಿಗೆ ಎಲೆ ಬಡಿಸಿ, ಬಾಗಿಲೆಳೆದು ಎಲ್ಲರೂ ಹೊರಗೆ ನಿಲ್ಲುವಾಗ ಆ ವಸ್ತು ಎಲೆಯ ಪಕ್ಕದಲ್ಲಿರಬೇಕು. ಮಾವ ಅರ್ಧ ಹೆಣೆದಿಟ್ಟಿದ್ದ ಬಿದಿರಿನ ಕುಕ್ಕೆಯನ್ನು ಅತ್ತೆ ಹೀಗೆಯೇ ಮುಗಿಸಿದ್ದರು. ಮಾವ ಹೆಣೆದ ಒಂದು ಎಳೆಯನ್ನೂ ಬಿಚ್ಚಿರಲಿಲ್ಲ. ಹೋದವರ ಕೈಕೆಲಸವನ್ನು ಬಿಚ್ಚಬಾರದು ಎಂಬುದೂ ಆ ನಡೆಗೆ ಸೇರಿದ್ದೇ.

ಕ್ರಿಯೆ ಬರುವ ಭಾನುವಾರ.

ಅಂಗಳದಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಮೈದುನ ಬೊಳ್ಳಪ್ಪ.

“ಕಾಫಿ ಪಿಕ್ಕಿಂಗ್ ಅರ್ಧಕ್ಕೆ ಬಿಟ್ಟು ಬಂದೆ ಅತ್ತಿಗೆ. ಭಾನುವಾರ ಬಡಿಸಲಿಕ್ಕೆ ಕೋಳಿ ನಮ್ಮನೇಲೇ ಸಾಕಿದ್ದು ಉಟ್ಟು, ನೀವು ತಲೆಬಿಸಿ ಮಾಡ್ಬೇಡಿ.” ಮೇಜಿನ ಕಡೆ ಬಗ್ಗಿದ. “ಎಂಥ, ಹಾರ್ತದಾ ಇದು?”

“ಎರಡೂ ಎಡ.”

ಬೊಳ್ಳಪ್ಪ ತಾನೂ ಹಿಂದುಮುಂದು ತಿರುಗಿಸಿ ನೋಡಿ ನಕ್ಕುಬಿಟ್ಟ. “ನಮ್ಮಣ್ಣಂದೇ ಕೆಲಸ. ಮದುವೆ ಫೋಟೋದಲ್ಲಿ ಒಂದು ಕಾಲಿಗೆ ಕಪ್ಪು, ಒಂದು ಕಾಲಿಗೆ ಕಂದು ಬೂಟ್ಸು ಹಾಕಿ ನಿಂತ ಜನ ಅಲ್ವಾ! ಹೀಗೇ ಅಂಟಿಸಿ ಬಿಡಿ ಅತ್ತಿಗೆ. ಆಮೇಲೆ ಫೋಟೋದ ಪಕ್ಕ ದಾರ ಕಟ್ಟಿ ತೂಗುಹಾಕುವ. ಯಾರಿಗೆ ಗೊತ್ತಾಗ್ತದೆ?”

“ಅವರಿಗೆ ಗೊತ್ತಾಗ್ತದೆ.”

“ಹಾಗಾರೆ ಹೊಸದೊಂದು ಮಾಡಿ.”

“ಮರ ಎಲ್ಲುಟ್ಟು? ಪೆಟ್ಟಿಗೇಲಿದ್ದದ್ದು ಇಷ್ಟೇ. ಒಂದನ್ನ ಬಿಚ್ಚಿ, ಅದರ ತುಂಡಲ್ಲೇ ಬಲದ್ದು ಕಟ್ಟಬೇಕು.”

ಬೊಳ್ಳಪ್ಪನ ನಗು ನಿಂತಿತು. “ಅವ್ವ ಒಂದು ಎಳೆನೂ ಬಿಚ್ಚಿರ್ಲಿಲ್ಲ ಅತ್ತಿಗೆ.”

“ಮಾವನ ಕುಕ್ಕೆ ಹಾರಬೇಕಾಗಿರ್ಲಿಲ್ಲ.”

ಹಾಗೆಂದಳೇ ಹೊರತು ಬ್ಲೇಡಿನ ಕಡೆ ಕೈ ಹೋಗಲಿಲ್ಲ. ಮೊದಲ ರೆಕ್ಕೆ ಮುಗಿದು ಬಹಳ ದಿನವಾಗಿತ್ತು, ಒಡಲಿಗೂ ಅದು ಹೊಂದಿತ್ತು. ಬಿಚ್ಚುವುದಾದರೆ ಎರಡನೆಯದನ್ನು. ಅದು ಅವರು ಕೊನೆಗೆ ಕಟ್ಟಿದ್ದು. ಅದರ ಒಂದು ಅಡ್ಡಪಟ್ಟಿಯ ಬುಡದಲ್ಲಿ ಫೆವಿಕಾಲ್ ಹೆಚ್ಚಾಗಿ ಹೊರಗೆ ಬಂದು, ಒಣಗಿದ ಹನಿಯ ಮೇಲೆ ಹೆಬ್ಬೆಟ್ಟಿನ ಗೆರೆಗಳು ಉಳಿದಿದ್ದವು.

ಬೊಳ್ಳಪ್ಪ ಕನ್ನಡಕ ಹಾಕಿಕೊಂಡು, ಪೆಟ್ಟಿಗೆಯೊಳಗಿದ್ದ ಇಂಗ್ಲಿಷ್ ಹಾಳೆಯನ್ನು ನಿಧಾನವಾಗಿ ಓದಿದ.

“ಎರಡು ರೆಕ್ಕೆಗೂ ಒಂದೇ ನಕ್ಷೆ ಅತ್ತಿಗೆ. ಎಡದ್ದು ಮಾತ್ರ ಬರೆದಿದ್ದಾರೆ. ಬಲದ್ದಕ್ಕೆ ಹಾಳೆ ಮಗುಚಿ ಹಾಕಿ ಹಿಂಬದಿ ಮೇಲೆ ಕಟ್ಟಬೇಕಂತೆ. ಗೆರೆ ಆಚೆಗೆ ಕಾಣಬೇಕಲ್ಲ, ಅದಕ್ಕೆ... ಎಣ್ಣೆ ಸವರಬೇಕಂತೆ. ಮನೇಲಿರೋ ಎಂಥ ಎಣ್ಣೆ ಆದ್ರೂ ಆಗ್ತದೆ.”

ಯಮುನ ಕಿಟಕಿಯ ಕಡೆ ನೋಡಿದಳು. ದಂಡೆಯ ಮೇಲೆ ತಲೆಗೆ ಹಾಕುವ ತೆಂಗಿನೆಣ್ಣೆಯ ಸೀಸೆ ಇತ್ತು.

“ಅವತ್ತು ಬೆಳಿಗ್ಗೆ ಎಣ್ಣೆ ಕೇಳಿದ್ರು” ಎಂದಳು. “ಮೊದಲು ದೀಪದ ಎಣ್ಣೆ ಕೊಡು ಅಂದ್ರು. ದೇವರಿಗೆ ಅಂತ ತಲಕಾವೇರಿ ತೀರ್ಥದ ಪಕ್ಕ ಇಟ್ಟದ್ದನ್ನ ಹೇಗೆ ಕೊಡೋದು? ಇದನ್ನ ಕೊಟ್ಟೆ. ಕೂದಲೇ ಇಲ್ಲದ ತಲೆಗೆ ಎಣ್ಣೆ ಯಾಕೆ ಅಂತ ಕೇಳಿದೆ. ಕೆಲಸ ಉಟ್ಟು ಮಾರಾಯ್ತಿ ಅಂದ್ರು.”

ಆ ಚಳಿಗೆ ಎಣ್ಣೆ ಮೇಣದ ಹಾಗೆ ಗಟ್ಟಿಯಾಗಿತ್ತು. ಕರಗಲಿ ಎಂದು ಬಿಸಿಲು ಬೀಳುವ ದಂಡೆಯ ಮೇಲಿಟ್ಟು, ಅಷ್ಟರೊಳಗೆ ಕಾಫಿ ಹರಡಿ ಬರುತ್ತೇನೆಂದು ಹೋಗಿದ್ದರು. ಬೇಸಗೆಯಲ್ಲಿ ಅದು ಕರಗಿತು, ಮಳೆಗಾಲ ಕಳೆಯಿತು, ಈಗ ಮತ್ತೆ ಗಟ್ಟಿಯಾಗಿತ್ತು. ಯಮುನ ಧೂಳು ಒರೆಸುವಾಗಲೆಲ್ಲ ಸೀಸೆಯನ್ನು ಎತ್ತಿ, ಮತ್ತೆ ಅಲ್ಲಿಯೇ ಇಡುತ್ತಿದ್ದಳು.

“ಹಾಗಾರೆ...” ಎಂದ ಬೊಳ್ಳಪ್ಪ. ಕೈಯಲ್ಲಿದ್ದ ಹಾಳೆಯಿಂದ ಸೀಸೆಯ ಕಡೆ ನೋಡಿದ.

ಅವಳು ಎರಡನೆಯ ರೆಕ್ಕೆಯನ್ನು ಬೆಳಕಿಗೆ ಹಿಡಿದು, ಅಡ್ಡಪಟ್ಟಿಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟುತ್ತ ಹೋದಳು. ಎಲ್ಲವೂ ಗಟ್ಟಿಯಾಗಿದ್ದವು. ತುದಿಯ ಎರಡು ಮಾತ್ರ ಅಲುಗಿದವು. ಅವು ತಾವಾಗಿ ಬಿಟ್ಟುಕೊಂಡದ್ದಲ್ಲ. ಬ್ಲೇಡು ನೇರವಾಗಿ ಹೋಗಿತ್ತು. ಹಳೆಯ ಅಂಟನ್ನು ಹೆರೆದು ಚೊಕ್ಕಟ ಮಾಡಿತ್ತು. ರೆಕ್ಕೆಯನ್ನು ಬೊಳ್ಳಪ್ಪನ ಕೈಗೆ ಕೊಟ್ಟಳು.

ಅವನು ಬಹಳ ಹೊತ್ತು ನೋಡಿ ಮೂಗು ಉಜ್ಜಿಕೊಂಡ. “ಬಿಚ್ಚಲಿಕ್ಕೆ ಅಣ್ಣನೇ ಶುರು ಮಾಡಿದ್ದ.”

“ಹೂಂ.”

“ಅರ್ಧ ಉಳಿದ ಕೆಲಸ ಅಂದ್ರೆ ಇದೇ ಅಲ್ವಾ ಮತ್ತೆ? ಬಿಚ್ಚಿ ಅತ್ತಿಗೆ.”

ಅವಳು ಒಳಗೆ ಹೋಗಿ ದೇವರ ಮುಂದೆ ಒಂದು ಗಳಿಗೆ ನಿಂತು, ಒಲೆಯ ಮೇಲಿದ್ದ ಬಿಸಿನೀರನ್ನು ಲೋಟಕ್ಕೆ ಹಾಕಿಕೊಂಡು ಬಂದಳು. ಎಣ್ಣೆಯ ಸೀಸೆಯನ್ನು ಬಿಸಿಲು ಬಿದ್ದ ಕಡೆಗೆ ಸರಿಸಿದಳು. ಹತ್ತಿಯನ್ನು ನೀರಿನಲ್ಲಿ ಅದ್ದಿ ಒಂದೊಂದು ಬೆಸುಗೆಯ ಮೇಲಿಟ್ಟು ಕಾದಳು. ಅಂಟು ಉಬ್ಬಿ ಹಾಲಿನ ಕೆನೆಯ ಹಾಗೆ ಬೆಳ್ಳಗಾಯಿತು. ಬ್ಲೇಡಿನ ತುದಿ ತಾಗಿಸಿದಾಗ ಪಟ್ಟಿ ಸದ್ದಿಲ್ಲದೆ ಕೈಗೆ ಬಂತು. ಹೆಬ್ಬೆಟ್ಟಿನ ಗುರುತಿದ್ದ ಹನಿಯೂ ಮೆತ್ತಗಾಯಿತು. ಅದು ಇದ್ದರೆ ಹೊಸ ಅಂಟು ಹಿಡಿಯುವುದಿಲ್ಲ. ಅದನ್ನೂ ಹೆರೆದಳು. ಹಳೆಯ ಪತ್ರಿಕೆಯ ಮೇಲೆ ಬಿಳಿಯ ಚೂರುಗಳು ಬಿದ್ದವು. ಕಣ್ಣಿನಲ್ಲಿ ನೀರು ಬಂದೀತೆಂದು ಕಾದಳು, ಬರಲಿಲ್ಲ. ಮುಂದಿನ ಪಟ್ಟಿಗೆ ಹತ್ತಿ ಇಟ್ಟಳು.

ಅಷ್ಟರಲ್ಲಿ ಎಣ್ಣೆ ಕರಗಿತ್ತು. ನಕ್ಷೆಯನ್ನು ಮಗುಚಿ ಹಾಕಿ, ಅಂಗೈಗೆ ಸ್ವಲ್ಪ ಎಣ್ಣೆ ಸುರಿದುಕೊಂಡು ಸವರಿದಳು. ಬರಿಯ ಬಿಳಿ ಹಾಳೆ ನಿಧಾನವಾಗಿ ಕಂದಿತು. ಕೆಳಗಿನ ಗೆರೆಗಳು ಒಂದೊಂದಾಗಿ ಮೇಲೆ ಮೂಡಿದವು. ಎಡಕ್ಕಿದ್ದದ್ದೆಲ್ಲ ಬಲಕ್ಕೆ ಬಂದಿತ್ತು.

“ಬಂತು ನೋಡಿ” ಎಂದ ಬೊಳ್ಳಪ್ಪ.

ಎಣ್ಣೆಗೈಯಲ್ಲಿ ಅಂಟು ನಿಲ್ಲುವುದಿಲ್ಲ. ಅವಳು ಸೀಗೆಪುಡಿ ಹಾಕಿ ಕೈ ತೊಳೆದು ಬಂದು, ನಕ್ಷೆಯ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಸಿ, ಉದ್ದದ ಕಡ್ಡಿಯನ್ನು ಗೆರೆಗೆ ಸರಿಯಾಗಿ ಇಟ್ಟಳು. ಮೊದಲ ಅಡ್ಡಪಟ್ಟಿಯ ದಪ್ಪ ಅಂಚು ಮುಂದಕ್ಕಿದೆಯೇ ಎಂದು ಇನ್ನೊಮ್ಮೆ ನೋಡಿಕೊಂಡಳು.

“ಬೊಳ್ಳಪ್ಪ, ಇದನ್ನ ಹೀಗೇ ಹಿಡ್ಕೊ. ಅಲುಗಿಸ್ಬೇಡ.”

ಅವನು ಹಿಡಿದುಕೊಂಡ. ಅವಳು ಗುಂಡುಸೂಜಿ ಚುಚ್ಚಿದಳು.