ಆರೋಗ್ಯವಂತರ ಪಟ್ಟಿ

ಕರುಳಿನಿಂದ ಸೋರುವ ವಿಷ ಯಕೃತ್ತನ್ನು ಹೇಗೆ ಕೆಡಿಸುತ್ತದೆ ಎಂಬುದು ನನ್ನ ಸಂಶೋಧನೆ. ಹೋಲಿಸಿ ನೋಡುವುದಕ್ಕೆ ರೋಗಿಗಳಷ್ಟೇ ಆರೋಗ್ಯವಂತರೂ ಬೇಕು. ರೋಗಿಗಳು ಬೇಡವೆಂದರೂ ಬರುತ್ತಾರೆ; ಆರೋಗ್ಯವಂತರನ್ನು ಕೈಕಾಲು ಹಿಡಿದು ಕರೆತರಬೇಕು. ಏಳು ವರ್ಷದ ಹಿಂದೆ ಒಪ್ಪಿಕೊಂಡಿದ್ದ ಮೂವತ್ತು ಜನರಲ್ಲಿ ಒಬ್ಬರು ಕೊನೆ ಗಳಿಗೆಯಲ್ಲಿ ಕೈಕೊಟ್ಟರು. ಅಕ್ಕನಿಗೆ ಫೋನ್ ಮಾಡಿದೆ.

"ಚಿಕ್ಕಂದಿನಿಂದ ನನ್ನ ರಕ್ತ ಹೀರಿದ್ದು ಸಾಲ್ದೇನೇ ಡಾಕ್ಟ್ರಮ್ಮ?" ಎನ್ನುತ್ತಲೇ ಬಂದು ತೋಳು ಚಾಚಿದಳು.

ಪಟ್ಟಿಗೆ ಸೇರುವ ಮುನ್ನ ಪ್ರತಿಯೊಬ್ಬರಿಗೂ ಸಾಮಾನ್ಯ ಲಿವರ್ ಪರೀಕ್ಷೆ ಆಗಲೇಬೇಕೆಂಬುದು ನಿಯಮ. ನಿಯಮ ಬರೆದವಳೂ ನಾನೇ. ಅಂದು ಯಂತ್ರ ಕೆಟ್ಟಿತ್ತು, ಅಕ್ಕ ಗುಂಡುಕಲ್ಲಿನ ಹಾಗಿದ್ದಳು. 'ಸರಿಯಿದೆ' ಎಂಬ ಚೌಕದಲ್ಲಿ ಟಿಕ್ ಹಾಕಿ, ಅವಳ ರಕ್ತರಸದ ಸೀಸೆಗೆ ಮೂವತ್ತನೇ ನಂಬರು ಬರೆದು ಫ್ರೀಜರಿಗೆ ಸೇರಿಸಿದೆ.

ನಾಲ್ಕು ವರ್ಷವಾದ ಮೇಲೆ ಅಕ್ಕನ ಹೊಟ್ಟೆಯಲ್ಲಿ ನೀರು ತುಂಬಿತು. ದೇಹವೇ ತನ್ನ ಯಕೃತ್ತಿನ ಮೇಲೆ ತಿರುಗಿಬೀಳುವ ರೋಗ. ಬೇಗ ಸಿಕ್ಕಿದರೆ ಸಾಮಾನ್ಯವಾಗಿ ಮಾತ್ರೆಯಲ್ಲೇ ಹತೋಟಿಗೆ ಬರುತ್ತದೆ. ಬೇಗ ಸಿಗಲಿಲ್ಲ. ಎರಡು ತಿಂಗಳಲ್ಲಿ ಅಕ್ಕ ಹೋದಳು.

ಅದಕ್ಕೆ ಮುಂಚಿನ ಎಂಟು ತಿಂಗಳು, ಅವಳು ಹೊಟ್ಟೆಯುಬ್ಬರ ಎಂದಾಗಲೆಲ್ಲ ಭಾವ ಗ್ಯಾಸಿನ ಮಾತ್ರೆ ತಂದುಕೊಟ್ಟಿದ್ದರು. "ನಾನೇ ಕೈಯಾರೆ ಕೊಂದೆ" ಎಂಬ ಮಾತು ಅವರ ಬಾಯಿಗೆ ಅಂಟಿಕೊಂಡಿತು. ಅವರದು ಕನ್ನಡಕದ ಅಂಗಡಿ. ಗಾಜು ಉಜ್ಜುತ್ತ ಕೂತಲ್ಲೇ ಅಳುತ್ತಿದ್ದರು. "ಮೊದಲೇ ಗೊತ್ತಾಗೋಕೆ ಸಾಧ್ಯಾನೇ ಇರ್ಲಿಲ್ಲ ಭಾವ" ಎಂದು ನಾನು ಪ್ರತಿಸಲವೂ ಹೇಳುತ್ತಿದ್ದೆ. ಹೇಳುವಾಗ ಆ ಟಿಕ್ ಕಣ್ಣಮುಂದೆ ಬರುತ್ತಿತ್ತು. ಸೀಸೆ ನನ್ನ ಮೇಜಿನಿಂದ ಹತ್ತು ಹೆಜ್ಜೆಯಲ್ಲಿತ್ತು, ಪರೀಕ್ಷೆಗೆ ಅರ್ಧ ದಿನ ಸಾಕಿತ್ತು. ನನಗೆ ಹೆದರಿಕೆ. ಅದಕ್ಕೆ ಪುರುಸೊತ್ತಿಲ್ಲ ಎಂಬ ಹೆಸರಿಟ್ಟು ಮೂರು ವರ್ಷ ತಳ್ಳಿದೆ.

ಕಳೆದ ತಿಂಗಳು ನನ್ನ ಲೇಖನ ಪ್ರಕಟಿಸಬೇಕಿದ್ದ ವೈದ್ಯಕೀಯ ಪತ್ರಿಕೆಯವರು, ನಿಮ್ಮ ಆರೋಗ್ಯವಂತರು ನಿಜಕ್ಕೂ ಆರೋಗ್ಯವಂತರೇ ಎಂಬುದಕ್ಕೆ ದಾಖಲೆ ಕೊಡಿ ಎಂದರು. ಪ್ರಯೋಗಾಲಯದ ಸಹಾಯಕಿ ಕಡತ ಹಿಡಿದು ಬಂದಳು.

"ಮೇಡಂ, ಮೂವತ್ತನೇದಕ್ಕೆ ಟಿಕ್ ಇದೆ, ರಿಪೋರ್ಟ್ ಇಲ್ಲ. ಸೀಸೆ ತೆಗೆದು ನೋಡ್ಲಾ?"

ಬೇಡ ಎನ್ನಲು ಕಾರಣ ಹುಡುಕಿದೆ. ಸಿಗಲಿಲ್ಲ.

ಮಧ್ಯಾಹ್ನ ಅವಳು ಫಲಿತಾಂಶ ತಂದಳು. ನಲವತ್ತರೊಳಗೆ ಇರಬೇಕಾದ ಲಿವರ್ ಕಿಣ್ವ ಇನ್ನೂರ ಹನ್ನೆರಡಿತ್ತು. ಅಕ್ಕನನ್ನು ಕೊಂದ ರೋಗದ ಗುರುತೂ ಸ್ಪಷ್ಟವಾಗಿತ್ತು. "ಯಾರೋ ಪಾಪ, ಇವರಿಗೆ ಹೇಳಿ ಕಳಿಸ್ಬೇಕಲ್ವಾ ಮೇಡಂ?" ಎಂದಳು. ನಾನು ಹೇಳುತ್ತೇನೆ ಎಂದೆ.

ಪತ್ರಿಕೆಯವರಿಗೆ ತಿಳಿಸುವುದು ಸುಲಭವಿತ್ತು. ಮೂವತ್ತನೆಯದನ್ನು ಪಟ್ಟಿಯಿಂದ ತೆಗೆದು, ತಪ್ಪು ನನ್ನದೆಂದು ಎರಡು ಸಾಲು ಬರೆದು ಸಹಿ ಮಾಡಿದೆ. ಭಾವನ ಅಂಗಡಿಗೆ ಹೋಗಲು ಮಾತ್ರ ಮೂರು ದಿನ ಹಿಡಿಯಿತು. ನಿಜ ಹೇಳಿದರೆ ಅವರ ಎದೆಯ ಭಾರ ಇಳಿಯುತ್ತದೆ, ಆದರೆ ಅದನ್ನು ಇಳಿಸುವುದು ನನ್ನ ಹೆಗಲ ಮೇಲೆಯೇ.

ಗಿರಾಕಿಗಳಿರಲಿಲ್ಲ. ಎಲ್ಲವನ್ನೂ ಹೇಳಿದೆ. ಭಾವ ಕೈಯಲ್ಲಿದ್ದ ಗಾಜು ಕೆಳಗಿಟ್ಟರು.

"ಅಂದ್ರೆ, ನಾನು ಕೊಟ್ಟ ಮಾತ್ರೆಯಿಂದ ಅಲ್ಲ ಅಂತೀಯಾ?"

"ಅಲ್ಲ ಭಾವ. ನೀವು ಮಾತ್ರೆ ತರೋದಕ್ಕೆ ಮೂರು ವರ್ಷ ಮುಂಚೇನೇ ರೋಗ ಇತ್ತು. ಅವತ್ತು ನಾನು ಪರೀಕ್ಷೆ ಮಾಡಿದ್ರೆ ಸಿಕ್ಕಿಬಿಡ್ತಿತ್ತು. ಮಾಡ್ದೇನೇ ಸರಿಯಿದೆ ಅಂತ ಬರೆದೆ."

ಭಾವನ ಭುಜಗಳು ಮೆಲ್ಲಗೆ ಸಡಿಲವಾದವು. ನನಗೆ ನಾಚಿಕೆಯಾಗಿತ್ತು, ಬೈದುಬಿಟ್ಟರೆ ಸಾಕೆಂದು ಕಾದೆ.

"ನಮ್ಮವಳು ತಾನೇ ಅನ್ನೋ ಸದರದಲ್ಲಿ ಯಾರು ಬೇಕಾದ್ರೂ ಹಾಗ್ಮಾಡ್ತಾರೆ ಬಿಡು," ಎಂದರು ಕೊನೆಗೆ. ಆಮೇಲೆ ತಲೆಯೆತ್ತಿದರು. "ನಿಂಗೆ ಈ ಅನುಮಾನ ಯಾವಾಗ ಬಂತು?"

ಕಳೆದ ವಾರ ಎಂಬ ಸುಳ್ಳು ನಾಲಿಗೆಯ ತುದಿಯವರೆಗೂ ಬಂದಿತ್ತು.

"ಅಕ್ಕನ್ನ ಆಸ್ಪತ್ರೆಗೆ ಸೇರಿಸಿದ ದಿನಾನೇ."

ಭಾವ ನನ್ನನ್ನು ಹೊಸಬಳಂತೆ ನೋಡಿದರು.

"ಮೂರು ವರ್ಷ ನಾನಿಲ್ಲಿ ಅಳ್ತಿದ್ರೆ, ನೀನು ಎದುರಿಗೇ ಕೂತು ನಂಗೆ ಸಮಾಧಾನ ಹೇಳ್ತಿದ್ದೆ."

"ಹೌದು," ಎಂದೆ.